ಗಂಟೆಗೆ ಇಪ್ಪತ್ತಾರು ಪೌಂಡು

ಚಾನ್ಸರಿ ಲೇನಿನಲ್ಲಿ ಇಳಿದು, ಕೊಡೆ ಮಡಚಿ,
ಬೆಲ್ಟು ಬಿಚ್ಚಿ, ಬಳೆ ತೆಗೆದು, ತಪಾಸಣೆಯ ಬಾಗಿಲು ದಾಟಿ
ಪ್ರಮಾಣ ಮಾಡಿದೆ:
ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತೇನೆ,
ಒಗ್ಗರಣೆ ಹಾಕುವುದಿಲ್ಲ.
ಇಂಗ್ಲಿಷಿನ ಪ್ರಮಾಣದಲ್ಲಿ ಒಗ್ಗರಣೆ ಇರಲಿಲ್ಲ. ಅದು ನನ್ನದು.

ದುಭಾಷಿಗೆ ಒಂದು ನಿಯಮವಿದೆ.
ಸಾಕ್ಷಿ ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು,
‘ಅವಳು ಹೇಳುತ್ತಾಳೆ’ ಅನ್ನುವ ಹಾಗಿಲ್ಲ.

ಹಾಗಾಗಿ ಬೆಳಿಗ್ಗೆ ಹತ್ತೂವರೆಗೆ
ಹ್ಯಾರೋದ ಬಾಡಿಗೆ ಮನೆಯ ಕುಮುದಿನಿ
ಹೊಂಗೆಹುಂಡಿಯ ಚಿಕ್ಕತಾಯಮ್ಮನಾದೆ.
ನನ್ನ ಹಿತ್ತಲ ಹಿಂದೆ ಹಳೇ ಬ್ಯಾಟರಿ ಕರಗಿಸುವ ಕುಲುಮೆ ಬಂತು.
ಅಲ್ಲೇ ನಾನು ಕೂಲಿಗೆ ಸೇರಿದೆ.
ನನ್ನ ಬೋರ್‌ವೆಲ್ಲಿನ ನೀರು
ಚಿಲ್ಲರೆ ಕಾಸು ಚೀಪಿದ ಹಾಗಾಯಿತು.
ನನ್ನ ಮಗ ಸಿದ್ದರಾಜುವಿನ ವಸಡಿನಲ್ಲಿ ನೀಲಿ ಗೆರೆ ಮೂಡಿತು,
ಸ್ಲೇಟು ಕಡ್ಡಿಯಲ್ಲಿ ಎಳೆದಂತೆ, ಸಣ್ಣಗೆ.
ಒಂಬತ್ತು ವರ್ಷ. ಇಪ್ಪತ್ತರ ಆಚೆ ಎಣಿಸಲಾರ.
ಎಲ್ಲವನ್ನೂ ನಾನೇ ಹೇಳಿದೆ,
ಹೆರದ ನಾನು.

ಎದುರು ಪಕ್ಷದ ವಕೀಲ ಎದ್ದ. ಕುದುರೆಗೂದಲ ಟೋಪಿ,
ನೀರಿನ ಲೋಟ, ಸೌಜನ್ಯ.
‘ಕೆಲಸ ಬಿಟ್ಟದ್ದು ಯಾಕೆ?’
‘ಬುಟ್ಟದ್ದೆಲ್ಲಿ ಸಾಮಿ, ತಗುದ್ರು.
ರಕ್ತ ಪರೀಕ್ಷ ಮಾಡ್ಸಿ ಅಂದುದ್ಕ
ನಮ್ ಹೊಟ್ಟ ಮ್ಯಾಲ ಹೊಡುದ್ರು.’
ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ.
ವಕೀಲ ಕಾಗದ ತಿರುವಿದ.
‘ಹೊಟ್ಟೆಗೆ ಹೊಡೆದವರು ಯಾರು? ಯಾವ ತಾರೀಕು?
ಆಸ್ಪತ್ರೆಯ ಚೀಟಿ ಇದೆಯೆ?’

ಕೈ ಎತ್ತಿ, ನ್ಯಾಯಾಧೀಶರ ಅನುಮತಿ ಕೇಳಿ,
ಇದು ನುಡಿಗಟ್ಟು ಎಂದೆ,
ಅನ್ನ ಕಿತ್ತುಕೊಂಡರೆ ನಮ್ಮಲ್ಲಿ ಹೀಗನ್ನುತ್ತಾರೆ ಎಂದೆ.
‘ಅಂದರೆ ಯಾರೂ ಹೊಡೆದಿಲ್ಲ,’ ಅಂದ ವಕೀಲ. ‘ದಾಖಲಾಗಲಿ.’
ದಾಖಲಾಯಿತು.
ಚಿಕ್ಕತಾಯಮ್ಮ ನನ್ನ ಮುಖ ನೋಡಿದಳು.
ಆ ಮಾತನ್ನೂ ಅವಳಿಗೆ ಕನ್ನಡದಲ್ಲಿ ಹೇಳಬೇಕಿತ್ತು.
ಹೇಳಿದೆ.

ಊಟದ ನಂತರ ‘ಸಬ್ಸಿಡಿಯರಿ’ ಬಂತು.
ಲಂಡನ್ನಿನ ಕಂಪನಿಯೇ ಬೇರೆ, ಅಲ್ಲಿಯ ಕಂಪನಿಯೇ ಬೇರೆ,
ಇದರ ಕೈ ಆ ಕುಲುಮೆಗೆ ತಾಗಿಯೇ ಇಲ್ಲ.
ಪದಕ್ಕೆ ತಡಕಾಡಿದೆ. ಅಂಗಸಂಸ್ಥೆ
ನಿಘಂಟಿನಲ್ಲಿದೆ, ಬಾಯಲ್ಲಿಲ್ಲ.
ತಾಯಿ ಕಂಪನಿ ಇಲ್ಲಿರೋದು, ಮಗಳು ಕಂಪನಿ ಅಲ್ಲಿರೋದು, ಅಂದೆ.
ಅವಳ ಮುಖ ಮೊದಲ ಸಲ ಅರಳಿತು.
‘ಸರಿಯಾಯ್ತಲ್ಲ ಮತ್ತ!
ಮಗಳು ಕಂಡೋರ್ ಮನ ಹಾಳು ಮಾಡುದ್ರ
ಜನ ಕ್ಯಾಕರ್ಸಿ ಉಗಿಯದು ಯಾರ್ಗ?
ಹೆತ್ತೋಳ್ಗ ತಾನೆ?
ಲಾಬುದ್ ಗಂಟ ತಿಂಗಳ್ ತಿಂಗಳ್ ತವರ್ಗ ಕಳುಸ್ತಿದ್ಲಲ್ಲ,
ಆಗ ನೀ ಯಾರೋ ನಾ ಯಾರೋ ಅಂದಿದ್ಲಾ ಅವ್ವ?’

ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ.
ಕ್ಯಾಕರಿಸುವುದಕ್ಕೆ ಮಾತ್ರ ಇಂಗ್ಲಿಷು ಸಾಲಲಿಲ್ಲ,
ಗಂಟಲು ಸ್ವಲ್ಪ ಸಹಾಯಕ್ಕೆ ಬಂತು.
ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು.
ಇದು ಸಾಕ್ಷ್ಯವಲ್ಲ, ಅಭಿಪ್ರಾಯ, ಅಂದ ವಕೀಲ.
ನಾಲ್ಕೂಕಾಲಿಗೆ ಎಲ್ಲರೂ ಎದ್ದು ನಿಂತೆವು.

ಹೊರಗೆ, ಮೆಟ್ಟಿಲ ಮೇಲೆ,
ಯಾರೋ ಕೊಟ್ಟ ದೊಗಳೆ ಕೋಟಿನಲ್ಲಿ ಅವಳು
ಕೋರ್ಟಿನ ನಲ್ಲಿಯಲ್ಲಿ ತುಂಬಿದ ಬಾಟಲಿ ಎತ್ತಿ
ಬೆಳಕಿಗೆ ಹಿಡಿದಳು.
‘ಇಲ್ಲಿ ನಲ್ಲಿ ನೀರ ಹಂಗೇ ಕುಡುದೀರಾ?’
ಹೌದು ಎಂದೆ.
‘ಎಲ್ರೂವೆ?’
ಎಲ್ಲರೂ.
ಇದನ್ನು ಯಾರಿಗೂ ಅನುವಾದಿಸಬೇಕಿರಲಿಲ್ಲ.

ರಾತ್ರಿ ಬಿಲ್ಲು ಬರೆದೆ. ಊಟದ ಹೊತ್ತು ಕಳೆದು ಐದು ಗಂಟೆ.
ಕೆಳಗೆ ಅಚ್ಚಾಗಿತ್ತು, ‘ಮೇಲಿನದೆಲ್ಲ ನಿಜವೆಂದು ನಾನು ದೃಢೀಕರಿಸುತ್ತೇನೆ’.
ಆ ‘ನಾನು’ವಿನ ಹತ್ತಿರ
ಪೆನ್ನು ತುಸು ಹೊತ್ತು ನಿಂತಿತು.
ಎದ್ದು, ಬಾತ್‌ರೂಮಿನ ದೀಪ ಹಾಕಿ,
ಕನ್ನಡಿಯ ಮುಂದೆ ತುಟಿ ಎತ್ತಿ
ವಸಡು ನೋಡಿಕೊಂಡೆ.