ಕೈ ಕಟ್ಟುವ ಕೆಲಸ

ಬಲೆ ಹೆಣೆಯುವವನು ನಾನು. ಗಂಟು ಬಲ್ಲೆ, ಅಷ್ಟೆ.
ಅಕ್ರಾದ ಕಡಲಂಚು, ಬುಕೊಮಿನ ಓಣಿ,
ತಗಡು ಹೊದಿಸಿದ ಆ ಜಿಮ್ಮಿಗೆ ನನ್ನನ್ನು ಕರೆದದ್ದು
ಪಟ್ಟಿ ಸಡಿಲಾಗಿ ಹುಡುಗನೊಬ್ಬ ಬೆರಳು ಮುರಿದುಕೊಂಡ ಮೇಲೆ.

ಅವಳು ಬಂದದ್ದು ಒಂದು ಮಂಗಳವಾರ.
ಮಂಗಳವಾರ ನಮ್ಮಲ್ಲಿ ಯಾರೂ ದೋಣಿ ಇಳಿಸುವುದಿಲ್ಲ,
ಆ ದಿನ ಕಡಲಿನದು. ಹಾಗಾಗಿ ಗಂಡಸರೆಲ್ಲ
ಬಾಗಿಲಲ್ಲಿ ಬಿಡುವಾಗಿ ನಿಂತಿದ್ದರು, ನಗುವುದಕ್ಕೆ.
ನಾ ಒಡಾರ್ಲೆ, ಹದಿನಾರು ವರ್ಷ,
ಮೀನು ಹೊಗೆಗಿಡುವವಳ ಮೂರನೆಯ ಮಗಳು.
ಕೂದಲಲ್ಲಿ ಹೊಗೆ, ಮೊಣಕೈಯಲ್ಲಿ ಒಣಗಿದ ಒಂದು ಹುರುಪೆ.
ಕೈ ಕೊಡು, ಅಂದೆ.
ಎರಡನ್ನೂ ಒಟ್ಟಿಗೆ ಚಾಚಿದಳು,
ಪೊಲೀಸರ ಮುಂದೆ ಚಾಚುವ ಹಾಗೆ.

ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಐದು,
ಬೆರಳ ಸಂದಿಗೆ ಒಂದೊಂದು ಎಳೆ.
ಬಿಗಿಯೇ? ಮುಷ್ಟಿ ಹಿಡಿ. ಬಿಡು. ಹಿಡಿ.
ಹನ್ನೊಂದು ವರ್ಷ ನಮ್ಮಿಬ್ಬರ ಮಾತು ಹೆಚ್ಚುಕಮ್ಮಿ ಇಷ್ಟೇ.

ಹೋಮೊವೊ ಹಬ್ಬಕ್ಕೆ ಮುಂಚೆ ಒಂದು ತಿಂಗಳು
ಊರಲ್ಲಿ ಡೋಲು ಮುಟ್ಟುವಂತಿಲ್ಲ, ಸದ್ದು ನಿಷಿದ್ಧ.
ಆಗ ಅವಳು ಮೂಟೆಯನ್ನು ಬಿಟ್ಟು
ಕತ್ತಲು ಹರಿಯುವ ಮುನ್ನ ಮರಳಿನ ಮೇಲೆ ಗಾಳಿಗೆ ಹೊಡೆಯುವಳು.
ಗಾಳಿ ಕಷ್ಟ, ಅಟಾ, ಅಂದಳೊಮ್ಮೆ,
ತಾಗದ ಏಟಿಗೇ ತೋಳು ಬೇಗ ಸೋಲುವುದು.

ಕೊಟೊನುವಿನಲ್ಲಿ ನಾಲ್ಕನೆಯ ಸುತ್ತಿಗೆ, ಲಾಗೋಸಿನಲ್ಲಿ ಎರಡಕ್ಕೆ.
ಪ್ರತಿ ಸಲವೂ ಕಣಕ್ಕಿಳಿಯುವ ಮುಂಚೆ ಲೋಟಕ್ಕೆ ಉಚ್ಚೆ ಹೊಯ್ದು
ಬಸುರಿಯಲ್ಲವೆಂದು ಬರೆಸಿಕೊಂಡು ಬರಬೇಕು.
ಗಂಡಸರ ಸುತ್ತು ಮೂರು ನಿಮಿಷ, ಅವಳದು ಎರಡು.
ಮಿಕ್ಕ ಒಂದು ನಿಮಿಷ ಯಾರ ಜೇಬಿಗೆ? ಕೇಳಿದಳು ಪ್ರೊಮೋಟರನನ್ನು.
ಅವನು ನಕ್ಕ.
ದುಡ್ಡಿನಲ್ಲಿ ಮೂರಕ್ಕೆ ಎರಡು ಪಾಲೂ ಇರಲಿಲ್ಲ.

ಹ್ಯಾಂಬರ್ಗ್. ಹೊರಗೆ ಹಿಮ, ಒಳಗೆ ಬಿಯರಿನ ವಾಸನೆ.
ಅಧಿಕಾರಿ ನನ್ನ ಗಂಟನ್ನು ಒತ್ತಿ ನೋಡಿ
ಪಟ್ಟಿಯ ಮೇಲೆ ನೀಲಿ ಶಾಯಿಯಲ್ಲಿ ಸಹಿ ಹಾಕಿದ.
ಎದುರಿನವಳು ಎತ್ತರದವಳು, ಎಡಚಿ, ತಾಳ್ಮೆಯವಳು.
ಎಂಟನೆಯ ಸುತ್ತಿಗೆ ಇವಳ ಬಲಗೈ ಕೈಕೊಟ್ಟಿತು.
ಸ್ಟೂಲಿನ ಮೇಲೆ ಕೂತವಳು ಬಾಯಿ ಬಿಡಲಿಲ್ಲ.
ಗವಸಿನ ಮೇಲೆ ನನ್ನ ಬೆರಳು ಬಿದ್ದಾಗ
ಹುಬ್ಬೊಂದು ಅಲುಗಿತು. ನನಗೆ ಗೊತ್ತಾಯಿತು.
ಟವೆಲ್ ನನ್ನ ಹೆಗಲ ಮೇಲೇ ಇತ್ತು.
ನಾನೂ ಬಾಯಿ ಬಿಡಲಿಲ್ಲ.

ಎಡಗೈಯೊಂದರಲ್ಲೇ ಉಳಿದೆರಡು ಸುತ್ತು; ಒಂದೇ ಅಂಕದ ಗೆಲುವು.
ಪಟ್ಟ ಸೊಂಟಕ್ಕೆ ಬಂದಾಗ ಕ್ಯಾಮೆರಾಗಳೆಲ್ಲ ಸೊಂಟ ನೋಡಿದವು.
ಕೋಣೆಯಲ್ಲಿ ನಾನು ಕತ್ತರಿ ಹಾಕಿದೆ,
ಸಹಿ ಎರಡು ಸೀಳಾಯಿತು,
ಒಳಗಿನ ಕೈ ಹಲಸಿನ ತೊಳೆಯ ಹಾಗೆ ಉಬ್ಬಿತ್ತು.

ಆಮೇಲೆ ಆರು ಸಲ ಪಟ್ಟ ಉಳಿಸಿಕೊಂಡಳು.
ಆರು ಸಲವೂ ಆ ಕೈಯನ್ನು ನಾನೇ ಕಟ್ಟಿದೆ,
ಕಾನೂನು ಬಿಡುವಷ್ಟು ದಪ್ಪಕ್ಕೆ,
ಹರಿದ ಬಲೆಯನ್ನು ಹರಿದಲ್ಲೇ ಕಟ್ಟಿ ಕಡಲಿಗೆ ಕಳಿಸುವ ಹಾಗೆ.
ಏಳನೆಯ ಸಲ ದಾರ್ ಎಸ್ ಸಲಾಮಿನಲ್ಲಿ
ಇಪ್ಪತ್ತರ ಹುಡುಗಿಯೊಬ್ಬಳು ಬಂದು ಒಯ್ದಳು. ಅದರಲ್ಲಿ ಕತೆ ಇಲ್ಲ.

ಮೊದಲ ಪಟ್ಟದ ಬೆಲ್ಟು ತಾಯಿಯ ಹೊಗೆಗೂಡಿನ ಗೋಡೆಯಲ್ಲಿದೆ.
ಮುಲಾಮು ಹೋಗಿ ಈಗ ಮೀನಿನದೇ ಬಣ್ಣ.
ಗಿರಾಕಿಗಳು ಕೇಳಿದರೆ ಮುದುಕಿ ಮೊದಲು ಮೀನಿನ ಬೆಲೆ ಹೇಳುತ್ತಾಳೆ.

ಮಂಗಳವಾರ ಅವಳು ನನ್ನ ಪಕ್ಕ ಬಂದು ಕೂರುತ್ತಾಳೆ.
ಬಲಗೈ ಪೂರಾ ಮಡಚುವುದಿಲ್ಲ; ಬಾಚಣಿಗೆ ಜಾರುತ್ತದೆ,
ಕೆಂಕೆಯ ಉಂಡೆ ಮುರಿಯುವುದು ಎಡಗೈಯಲ್ಲಿ.
ನನಗೆ ಕಣ್ಣು ಮಂಜು. ಬಲೆಯ ಸೂಜಿ ಈಗ ಅವಳದು.
ನಿಧಾನವಾಗಿ ನೂಲು ಸುತ್ತಿ, ಹಲ್ಲಿನಲ್ಲಿ ಎಳೆದು,
ಮೊದಲ ಗಂಟನ್ನು ನನ್ನ ಹೆಬ್ಬೆರಳ ಕೆಳಗಿಟ್ಟು ಕೇಳಿದಳು:
ಬಿಗಿಯೇ, ಅಟಾ?

ಒತ್ತಿ ನೋಡಿದೆ.
ಸಡಿಲ, ಅಂದೆ.
ಬಿಚ್ಚಿ, ಮತ್ತೆ ಕಟ್ಟತೊಡಗಿದಳು.