ಕಳ್ಳ ಉಸಿರು

ಚಿತ್ತಾಪುರ ರೋಡಿನ ನನ್ನ ಶೆಡ್ಡಿಗೆ
ನಾಲ್ಕು ಹುಡುಗರು ತಳ್ಳಿಕೊಂಡು ಬಂದರು
ತೊಂಬತ್ಮೂರರ ಬಿಳಿ ಮಾರುತಿ.
ಹಿಂದೆ ಕೊಡೆ ಹಿಡಿದು ಪುತಳಾಬಾಯಿ ಸಿಸ್ಟರ್:
"ಮುಂಜಾನೆ ಏಳವಲ್ದು, ಜಿಲಾನಿ.
ಎದ್ದರೂ ನಡುಗತದ,
ರೈಲ್ವೆ ಗೇಟಿಗೆ ನಿಂತರ ಜೀವ ಬಿಡತದ."

ಎಷ್ಟು ದಿನದಿಂದ, ಎಂದೆ.
ಜನ್ಮವೆಲ್ಲ ಅದನ್ನೇ ಕೇಳಿದವರು ನಕ್ಕುಬಿಟ್ಟರು.

ಪ್ಲಗ್ಗು ಬಿಚ್ಚಿದೆ. ಎರಡು ಚಹಾದ ಬಣ್ಣ,
ಮೂರನೆಯದು ಸುಣ್ಣದಂತೆ ಬೆಳ್ಳಗೆ.
ಪಾಯಿಂಟಿನ ಗ್ಯಾಪಿಗೆ ಗೇಜು ಸಿಗದೆ
ಯಾರದೋ ಲಗ್ನಪತ್ರಿಕೆ ಹರಿದು ತೂರಿಸಿದೆ,
ಸರಿಯಾಗೇ ಇತ್ತು.
ಜೆಟ್ಟು ಊದಿದೆ, ಬಾಯಿತುಂಬ ಪೆಟ್ರೋಲು.
ಮತ್ತೆ ಸೆಲ್ಫು. ಮತ್ತೆ ಅದೇ ನಡುಕ.

ನನ್ನ ಕಿವಿ ಹೋಗಿ ಆರು ವರ್ಷ.
ಸ್ಕ್ರೂಡ್ರೈವರಿನ ಹಿಡಿ ಹಲ್ಲಿಗೆ ಕಚ್ಚಿ
ತುದಿ ಇಂಜಿನ್ನಿಗೆ ಒತ್ತುತ್ತೇನೆ,
ದವಡೆ ಕೇಳಿ ಹೇಳುತ್ತದೆ.
ಅವತ್ತು ದವಡೆಯೂ ಸುಮ್ಮನಿತ್ತು.

"ಸರಿ ಅತ್ಲಾಗ" ಎಂದು ಸಿಸ್ಟರ್
ಚೀಲದಿಂದ ಸ್ಟೆತಾಸ್ಕೋಪ್ ತೆಗೆದರು.
ರಿಟೈರಾದ ಮೇಲೂ ಯಾಕೆ ಇಟ್ಟುಕೊಂಡಿದ್ದರೋ.
ಬಗ್ಗಿ, ಕಣ್ಣು ಮುಚ್ಚಿ,
ಇಲ್ಲಿ, ಇಲ್ಲಲ್ಲ, ಇನ್ನೂ ಕೆಳಗೆ...
"ಸುಂಯ್ ಅಂತದ.
ಎಲ್ಲೋ ಕಳ್ಳ ಉಸಿರು ತಗೊಳ್ಳಾಕತ್ತದ."

ಮ್ಯಾನಿಫೋಲ್ಡಿನ ಬೆನ್ನಿಗೊಂದು ರಬ್ಬರ್ ಪೈಪು,
ಕಿರುಬೆರಳಿಗಿಂತ ಸಣ್ಣದು,
ಯಾದಗಿರಿಯ ಎಷ್ಟು ಬೇಸಗೆ ಕಂಡಿತ್ತೋ, ಬಿರಿದಿತ್ತು.
ಬೆರಳು ಒತ್ತಿದೆ. ನಡುಕ ನಿಂತಿತು.
ತೆಗೆದೆ. ಮತ್ತೆ.

ಸ್ಪೇರು ಕಲಬುರಗಿಯಿಂದ ಬರಬೇಕು, ನಾಲ್ಕು ದಿನ, ಎಂದೆ.
ಸಿಸ್ಟರ್ ಕೈಯಲ್ಲಿದ್ದುದನ್ನು ಒಂದು ಗಳಿಗೆ ನೋಡಿದರು.
"ಕತ್ತರಿ ಅದ ಏನು?"

ಬಾಯಿ ತುಸು ಅಗಲ. ತಂತಿ ಸುತ್ತಿ ಬಿಗಿದೆ,
ಸ್ಕ್ರೂ ಕಾಲು ಸುತ್ತು ತಿರುಗಿಸಿದೆ.

ಸ್ಪೇರು ಬಂದು ವರ್ಷವಾಯಿತು.
ಪೊಟ್ಟಣ ಇನ್ನೂ ಮೊಳೆಗೆ ತೂಗುತ್ತಿದೆ.
ಕರೆದರೆ ಸಿಸ್ಟರ್ ಬರುವುದಿಲ್ಲ,
ಗೇಟಿನಲ್ಲಿ ಗೂಡ್ಸು ದಾಟುವತನಕ
ಗಾಡಿ ಚಾಲೂ ಇಟ್ಟೇ ಕೂತಿರುತ್ತಾರೆ.