ಬೀರುವಿನ ಹಿಂದೆ

ಎರಡು ರೂಪಾಯಿ ಮಡಕೆಗೆ ಅಮ್ಮ ನಾಲ್ಕು ಸಲ ತಟ್ಟುತ್ತಿದ್ದಳು
ಬೆರಳ ಗೆಣ್ಣಿನಿಂದ, ಕಿವಿಯ ಹತ್ತಿರ ಹಿಡಿದು.
ನಾನೋ, ಮದನಪಲ್ಲಿ ರೂಟಿನಲ್ಲಿ ಹದಿನೆಂಟು ವರ್ಷ ಚಿಲ್ಲರೆ ಎಣಿಸಿದವಳು,
ಖೋಟಾ ನಾಣ್ಯ ಬ್ಯಾಗಿಗೆ ಬಿದ್ದ ಸದ್ದಿಗೇ
ಹಿಂದಿನ ಸೀಟಿನವರೆಗೆ ನುಗ್ಗಿ ಹಿಡಿದವಳು.
ಮೂವತ್ತೆಂಟು ಲಕ್ಷದ ಮನೆಗೆ ಮಾತ್ರ
ತಟ್ಟದೆ ತಲೆಯಾಡಿಸಬೇಕಂತೆ.

'ಎರಡಡಿ ದಪ್ಪದ ಗೋಡೆ, ಈಗ ಯಾರು ಕಟ್ತಾರಕ್ಕಾ?'
ಬ್ರೋಕರ್ ಪಿಳ್ಳಪ್ಪನ ಪ್ರಶ್ನೆ.
ಬಾಗಿಲು ಪೂರ್ವಕ್ಕಿದೆ, ಇನ್ನೇನು ಬೇಕು, ಅಂದರು ಭಾವ.
ಲಾಯರು ಮೂವತ್ತು ವರ್ಷದ ಇ.ಸಿ. ತೆಗೆಸಿ
ಕಾಗದದಲ್ಲಿ ಒಂದು ಬಿರುಕೂ ಇಲ್ಲ, ಅಂದರು.

ಗೋಡೆಯಲ್ಲಿ?

ಅದಕ್ಕೇ ಶಬೀನಾಳನ್ನು ಕರೆದೆ. ಇಂಜಿನಿಯರು.
ನನ್ನ ಬಸ್ಸಿನಲ್ಲೇ ಪಾಸ್ ತೋರಿಸಿಕೊಂಡು ಕಾಲೇಜಿಗೆ ಹೋದ ಹುಡುಗಿ.
ಆರು ಸಾವಿರ ಫೀಸು.
'ಆರು ಸಾವಿರಕ್ಕೆ ಎರಡು ಕೋಣೆ ಬಣ್ಣ ಆಗ್ತಿತ್ತು'
(ಭಾವ, ಮತ್ತೆ).

ಸ್ಕೂಟರಿನ ಡಿಕ್ಕಿಯಿಂದ ತೆಗೆದಳು
ಸಣ್ಣ ಸುತ್ತಿಗೆ, ತೂಗುಗುಂಡು, ಟಾರ್ಚು,
ಗೋಡೆಯ ತೇವ ಓದುವ ಎರಡು ಹಲ್ಲಿನ ಯಂತ್ರ.
ಹೊಸ ಬಣ್ಣದ ಪಡಸಾಲೆಯನ್ನು ತಿರುಗಿಯೂ ನೋಡದೆ
ಬಚ್ಚಲಿನಿಂದ ಶುರು ಮಾಡಿದಳು.
ಟಣ್. ಟಣ್. ಡಬ್.
ಆ ಡಬ್‌ಗೆ ನಾನೂ ಅವಳೂ ಒಟ್ಟಿಗೆ ತಲೆಯೆತ್ತಿದೆವು.
ಅಟ್ಟದ ತೇಗದ ತೊಲೆಗೆ ಸ್ಕ್ರೂಡ್ರೈವರ್ ಒತ್ತಿದರೆ
ಸದ್ದೇ ಇಲ್ಲ. ಹಿಡಿಯವರೆಗೂ ಹೋಯಿತು.

ಮಾಳಿಗೆಯ ಮೇಲೆ ಬಿಸಿಲು, ದೂರಕ್ಕೆ ಅಂಬಾಜಿದುರ್ಗ,
ಕಲ್ಲುಚಪ್ಪಡಿಗಳ ನಟ್ಟನಡುವೆ ಕರೀ ಟ್ಯಾಂಕು.
'ಐದು ವರ್ಷವಾಯಿತಷ್ಟೆ, ಇನ್ನೂ ಗ್ಯಾರಂಟಿ ಇದೆ,' ಅಂದರು ನಾಗಭೂಷಣ ಶೆಟ್ಟರು.
'ಟ್ಯಾಂಕಿಗೆ ಇದೆ,' ಅಂದಳು ಶಬೀನಾ, ಬರೆದುಕೊಳ್ಳುತ್ತಾ.
ಎರಡು ಸಾವಿರ ಲೀಟರು:
ಸೋಮವಾರದ ಬಸ್ಸಿನಲ್ಲಿ ನಿಂತವರಷ್ಟು ಭಾರ,
ಹಗಲೂ ರಾತ್ರಿ, ಯಾವ ಸ್ಟಾಪಿನಲ್ಲೂ ಇಳಿಯದೆ.

ಕೊನೆಗೆ ಒಳಕೋಣೆ. ಗೋಡೆಗೊತ್ತಿದ ಕಬ್ಬಿಣದ ಬೀರು.
'ಇದನ್ನ ಸರಿಸಬೇಕು.'
'ಅಮ್ಮನ ಕಾಲದಿಂದ ಅಲ್ಲೇ ಇದೆ, ಸರಿಯೋದಿಲ್ಲ.'
ನಾಲ್ವರು ನೂಕಿದೆವು. ಸರಿಯಿತು.

ಅಲ್ಲಿ ಹೊಸ ಬಣ್ಣ ಹೋಗಿರಲಿಲ್ಲ. ಹಳೆಯ ನೀಲಿಸುಣ್ಣ.
ಬಾಗಿಲ ಮೂಲೆಯಿಂದ ಚಪ್ಪಡಿಯ ಕಡೆಗೆ ಏರಿದ ಬಿರುಕು,
ಕೆಳಗಡೆ ನಾಣ್ಯ ತೂರುವಷ್ಟು, ಮೇಲೆ ಕೂದಲಷ್ಟು.
ಪಿಳ್ಳಪ್ಪ ಕೆಮ್ಮಿದ.
ಬಿರುಕಿಗೆ ಅಡ್ಡಡ್ಡ ಪೆನ್ಸಿಲ್ ಗೆರೆಗಳು,
ಪ್ರತಿ ಗೆರೆಗೂ ಒಂದು ಇಸವಿ:
೭೮, ಉಗಾದಿ. ೮೧, ಉಗಾದಿ. ೮೯.
ಎಲ್ಲದರ ಪಕ್ಕ ತೆಲುಗಿನಲ್ಲಿ ಒಂದೇ ಮಾತು
ಇಕ್ಕಡಿದಾಕಾ
ಇಲ್ಲಿಯವರೆಗೆ.

ಶೆಟ್ಟರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು.
'ಅಮ್ಮನ ಅಕ್ಷರ.
ಸ್ಟೂಲಿನ ಮೇಲೆ ನಿಂತು ಬರೀತಿದ್ದಳು.
ಏನಮ್ಮಾ ಅಂದರೆ, ಹಾಲಿನ ಲೆಕ್ಕ ಅಂತಿದ್ದಳು.'
ಆಮೇಲೆ ಯಾರೂ ರೇಟಿನ ಮಾತೆತ್ತಲಿಲ್ಲ, ಐದು ನಿಮಿಷ.

ಶಬೀನಾ ಏಣಿ ಹತ್ತಿ ಸ್ಕೇಲು ಹಿಡಿದಳು.
ಕೊನೆಯ ಗೆರೆ ತೊಂಬತ್ತಾರರದ್ದು.
ಬಿರುಕು ಅದನ್ನು ಮುಟ್ಟಿದೆ, ದಾಟಿಲ್ಲ.

ಹನ್ನೊಂದು ಪುಟದ ವರದಿ ಬಂತು.
ಬಚ್ಚಲಿನ ಗೋಡೆ, ತೊಲೆ: ಬದಲಿಸಿ. ಟ್ಯಾಂಕು: ತಕ್ಷಣ ಇಳಿಸಿ.
ನಾನು ಹೆದರಿದ ಬಿರುಕಿಗೆ ಒಂದೇ ಸಾಲು:
ಹಳೆಯದು. ಪಾಯ ಕೂತಾಗಿದೆ. ಚಲನೆ ಇಲ್ಲ.
ಅದಕ್ಕೆ ಆಧಾರ ಎಂದು ಆ ಪೆನ್ಸಿಲ್ ಗೆರೆಗಳ ಫೋಟೋ.

ಮೂವತ್ತನಾಲ್ಕೂವರೆಗೆ ಇಳಿದರು ಶೆಟ್ಟರು.
ಅಡ್ವಾನ್ಸ್ ಎಣಿಸಿ ಕೊಟ್ಟೆ, ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದರು,
ಸರಿಯೇ, ನಾನೂ ಹಾಗೇ ಮಾಡುತ್ತಿದ್ದೆ.
'ಬೀರು ಬೇಕಾದರೆ ಇಟ್ಕೊಳ್ಳಿ, ಸಾಗಿಸೋದು ಕಷ್ಟ.'

ಬೀರು ಬೇಡ, ಅಂದೆ.
ಆ ಸ್ಟೂಲು ಇನ್ನೂ ಇದೆಯಾ?